ಕೊನೆಯ ಶಾಟ್ ನನಗೆ ಒಲಿದದ್ದು ಹೀಗೆ

2016ರ ರಿಯೋ ಒಲಿಂಪಿಕ್ಸ್‌ನ ರೈಫಲ್ ಶೂಟಿಂಗಿನಲ್ಲಿ ಪುರುಷರ 50 ಮೀಟರ್ ತ್ರೀ ಪೊಸಿಷನ್ (ಮೊಣಕಾಲೂರಿ, ಮಲಗಿ, ನಿಂತು ಹೊಡೆಯುವ ಸ್ಪರ್ಧೆ) ಫೈನಲ್ಲನ್ನು ಕಮ್ಮಿಯೆಂದರೂ ಮೂವತ್ತು ಸಲ ನೋಡಿದ್ದೇನೆ. ರಷ್ಯಾದ ಸೆರ್ಗೈ ಕಾಮೆನ್ಸ್ಕಿ 44 ಶಾಟ್ ಮುಗಿಸಿದಾಗ ಇಟಲಿಯ ಕಾಂಪ್ರಿಯಾನಿಗಿಂತ 0.6 ಅಂಕ ಮುಂದಿದ್ದರು. ಕೊನೆಯದರಲ್ಲಿ ಕಾಂಪ್ರಿಯಾನಿಗೆ ಬಂದದ್ದು ಬರೀ 9.2. ಕಾಮೆನ್ಸ್ಕಿಗೆ 8.3. 458.8ಕ್ಕೆ 458.5, ಚಿನ್ನ ಕೈಬಿಟ್ಟಿತು.

ನನ್ನದೂ ಅದೇ ಕಾಯಿಲೆ, 10 ಮೀಟರ್ ಏರ್ ರೈಫಲ್‌ನಲ್ಲಿ. 23 ಶಾಟ್ ಚೆನ್ನಾಗಿ ಹೋಗಿ ಕೊನೆಯ 24ನೆಯದು ಒಂಬತ್ತರ ಆಸುಪಾಸು. ಮೊದಲು ದುಡ್ಡು ಸುರಿದೆ: ಭುಜಕ್ಕೆ ಆನಿಸುವ ಹೊಸ ಬಟ್ ಪ್ಲೇಟು, ಬ್ಯಾರೆಲ್ ತೂಕ, ಶೂಟಿಂಗ್ ಜಾಕೆಟ್ ರಿಪೇರಿ, ಎಲ್ಲ ಸೇರಿ 40 ಸಾವಿರದ ಹತ್ತಿರ. ಹೋಲ್ಡ್ (ಗುರಿಯ ಮೇಲೆ ರೈಫಲ್ ಅಲುಗದೆ ನಿಲ್ಲುವುದು) ಸುಧಾರಿಸಿತು, 24ನೆಯದು ಸುಧಾರಿಸಲಿಲ್ಲ. ಆಮೇಲೆ ತಿಂಗಳಿಗೆ ನಾಲ್ಕು ಡಬ್ಬಿ ಪೆಲೆಟ್ (ಏರ್ ರೈಫಲ್‌ನ ಗುಂಡು) ಖಾಲಿ ಮಾಡಿದೆ. ಬೆನ್ನು ಹಿಡಿದುಕೊಂಡಿತು, ಅಷ್ಟೇ.

ಟೋಕಿಯೋ ಒಲಿಂಪಿಕ್ಸ್‌ನ ಮಹಿಳೆಯರ 10 ಮೀಟರ್ ಏರ್ ರೈಫಲ್ ಫೈನಲ್‌ನಲ್ಲಿ ರಷ್ಯಾದ ಅನಸ್ತಾಸಿಯಾ ಗಲಾಶಿನಾ 0.2 ಮುಂದಿದ್ದೂ ಕೊನೆಗೆ 8.9 ಹೊಡೆದು ಚೀನಾದ ಯಾಂಗ್ ಚಿಯಾನ್‌ಗೆ ಚಿನ್ನ ಬಿಟ್ಟುಕೊಟ್ಟಾಗ ನನಗೆ ಒಂದು ಹೊಳೆಯಿತು. ಅವರ ಮನಸ್ಸು ಅವರಿಗೇ ಗೊತ್ತು, ನನ್ನದರ ಮಾತು ಹೇಳುತ್ತೇನೆ: ಕೆಟ್ಟ ಹೋಲ್ಡ್ ಎಂದು ಗೊತ್ತಿದ್ದೂ ರೈಫಲ್ ಇಳಿಸುವ ಧೈರ್ಯ ನನಗಿರಲಿಲ್ಲ. ಅಲ್ಲಿಂದ ಅಭ್ಯಾಸವನ್ನೇ ತಿರುಗಿಸಿದೆ. ದಿನಕ್ಕೆ ಒಂದೇ ಲೆಕ್ಕದ ಶಾಟ್. ಒಂದು ಗಂಟೆ ಡ್ರೈ ಫೈರಿಂಗ್ (ಗುಂಡಿಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ), ಎರಡು ಮಹಡಿ ಹತ್ತಿಳಿದು ಬರುವುದು, ಫೋನಿನಲ್ಲಿ 50 ಸೆಕೆಂಡಿನ ಟೈಮರ್ ಇಟ್ಟುಕೊಳ್ಳುವುದು. ಮೊದಲ ಸಲ ಎತ್ತಿದ್ದನ್ನು ಎಷ್ಟೇ ಚೆನ್ನಾಗಿದ್ದರೂ ಇಳಿಸಲೇಬೇಕು. ಎರಡನೇ ಸಲ ಹೊಡೆಯಬೇಕು. ಸಿಕ್ಕಿದ ಅಂಕ ನೋಟ್‌ಬುಕ್ಕಿಗೆ, ಮತ್ತೆ ಪೆಲೆಟ್ ಮುಟ್ಟುವಂತಿಲ್ಲ.

"ಏನಮ್ಮಾ, ಒಂದು ಶಾಟ್ ಹೊಡೆಯೋಕೆ ಜಾಕೆಟ್ ಹಾಕ್ಕೊಂಡು ಬರ್ತೀಯಾ?" ಅಂದರು ರೇಂಜಿನ ಹಿರಿಯರು. ಮೊದಲ ಎರಡು ತಿಂಗಳು ಅವರದೇ ಸರಿ ಅನ್ನಿಸಿತು, ಸರಾಸರಿ 9.5ರ ಮೇಲೆ ಏಳಲಿಲ್ಲ. ಒಂದು ರಾತ್ರಿ 7.8 ಬಂದು ಬೆಳಗಿನವರೆಗೆ ನಿದ್ದೆಯಿಲ್ಲ, ಯಾಕೆಂದರೆ ಸರಿಮಾಡಿಕೊಳ್ಳಲು ಇನ್ನೊಂದು ಶಾಟ್ ಇಲ್ಲವಲ್ಲ. ಆ ಸಂಕಟವೇ ಔಷಧಿ ಎಂದು ಆಮೇಲೆ ತಿಳಿಯಿತು.

ನಡುವೆ ಬೇರೆ ಪ್ರಯೋಗಗಳೂ ಆದವು. ಕಾಫಿ ಬಿಟ್ಟೆ: ತಲೆನೋವು ಬಂತು, ಅಂಕ ಬರಲಿಲ್ಲ. ಇಯರ್‌ಫೋನಿನಲ್ಲಿ ಕ್ರಿಕೆಟ್ ಗಲಾಟೆ ಹಾಕಿಕೊಂಡೆ: ವಾರದಲ್ಲಿ ರೂಢಿಯಾಗಿ ಕೇಳಿಸದಂತಾಯಿತು. ಉಪಯೋಗಕ್ಕೆ ಬಂದದ್ದು ಪಕ್ಕದ ಲೇನಿನವರೊಂದಿಗೆ ನೂರು ರೂಪಾಯಿ ಪಣ. ಸೋತದ್ದು ಮೂರು ಸಾವಿರವಾದರೂ ಆಗಿರಬೇಕು.

ಐದನೇ ತಿಂಗಳಿಂದ 10.2, 10.4 ನಿಲ್ಲತೊಡಗಿತು. ಪೆಲೆಟ್ ಖರ್ಚೂ ಇಳಿಯಿತು. ಕಳೆದ ಆರು ಫೈನಲ್‌ಗಳಲ್ಲಿ ಐದರಲ್ಲಿ ನನ್ನ ಕೊನೆಯ ಶಾಟ್ ಹತ್ತರ ಮೇಲೆ. ನಮ್ಮ ರೇಂಜಿನಲ್ಲಿ ಈ ಲೆಕ್ಕ ಇನ್ಯಾರಿಗೂ ಇಲ್ಲ. ಇಳಿಸಿ ಮತ್ತೆ ಎತ್ತುವ ನಡುವಿನ ಏಳೆಂಟು ಸೆಕೆಂಡಿನಲ್ಲಿ ಕಣ್ಣಿಗೆ ನಾನು ಕೊಡುವ ಕೆಲಸವೊಂದಿದೆ. ಅದನ್ನು ಮಾತ್ರ ಬರೆಯುವುದಿಲ್ಲ, ಇನ್ನೂ ಸ್ಪರ್ಧೆಯಲ್ಲಿದ್ದೇನೆ.

ಕಾಮೆನ್ಸ್ಕಿ ಐದು ವರ್ಷದ ಮೇಲೆ ಟೋಕಿಯೋದಲ್ಲಿ ಅದೇ ಸ್ಪರ್ಧೆಗೆ ಮರಳಿ 464.2 ಹೊಡೆದರು. ಮತ್ತೆ ಬೆಳ್ಳಿಯೇ. ತಮ್ಮದೇ ತಂಡದ ಯೂಲಿಯಾ ಕರಿಮೋವಾ ಜೊತೆ ಮಿಶ್ರ ಏರ್ ರೈಫಲ್‌ನಲ್ಲಿ ಕಂಚನ್ನೂ ತಂದರು. 8.3ರ ನಂತರ ಮತ್ತೆ ಒಲಿಂಪಿಕ್ ಫೈನಲ್‌ನಲ್ಲಿ ನಿಂತರಲ್ಲ, ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವರ ಎರಡೂ ಫೈನಲ್‌ಗಳ ಅಂಕ ಬರೆದಿಟ್ಟಿದ್ದೇನೆ. ಈಗ 50 ಮೀಟರಿನ .22 ರೈಫಲ್‌ನಲ್ಲಿ ನೀಲಿಂಗ್ (ಮೊಣಕಾಲೂರಿ ಹೊಡೆಯುವುದು) ಕಲಿಯುತ್ತಿದ್ದೇನೆ. ಅಲ್ಲಿ ಕಾಲು ಜೋಮು ಹಿಡಿಯುವುದೇ ಬೇರೆ ತಲೆನೋವು.