ಬಿಚ್ಚಿ, ಮಿಸ್

49ನೇ ವಯಸ್ಸಿನಲ್ಲಿ ನಾನು ಮೊದಲ ಸಲ ಕ್ರೋಶ ಕಡ್ಡಿ ಹಿಡಿದೆ, ದಾರ ಹೆಣೆಯುವ ಕೊಕ್ಕೆ ತುದಿಯ ಕಡ್ಡಿ. ಕಲಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಹಾಸನದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವಳ ಮನೆ. ಸೀರೆ ಸೆರಗಿಗೆ ಕುಚ್ಚು ಹಾಕಿಕೊಡುತ್ತಾಳೆ. ಮದುವೆ ಸೀಸನ್ ಬಂದರೆ ಅವಳ ಮಂಚದ ತುಂಬ ಸೀರೆ. ಎಂಟರಿಂದ ಹತ್ತನೇ ಕ್ಲಾಸಿನವರೆಗೆ ನಾನು ಅವಳಿಗೆ ಗಣಿತ ಹೇಳಿಕೊಟ್ಟಿದ್ದೆ. ಹಿಂದಿನ ಬೆಂಚಿನಲ್ಲಿ ಕೂತು, ನಾನು ಪ್ರಶ್ನೆ ಕೇಳಿದಾಗಲೆಲ್ಲ ತಲೆ ತಗ್ಗಿಸುತ್ತಿದ್ದ ಹುಡುಗಿ.

ಒಂದು ಸೀರೆ ಕೊಡಲು ಹೋಗಿದ್ದೆ. ಅವಳು ಮಾತಾಡುತ್ತಲೇ ಕೈ ಆಡಿಸುತ್ತಿದ್ದಳು. ಕಡ್ಡಿ ಒಳಗೆ ಹೋಗುತ್ತೆ, ದಾರ ಎಳೆದುಕೊಂಡು ಬರುತ್ತೆ, ಒಂದು ಪುಟ್ಟ ಕಮಾನು ಮೂಡುತ್ತೆ. ಅದನ್ನು ನೋಡುತ್ತ ಅರ್ಧ ಗಂಟೆ ಕೂತುಬಿಟ್ಟೆ.

"ನಂಗೂ ಹೇಳಿಕೊಡ್ತೀಯೇನಮ್ಮ?" ಅಂತ ಕೇಳಿದೆ.

"ಅಯ್ಯೋ, ತುಂಬಾ ಸುಲಭ ಮಿಸ್. ಒಂದು ವಾರದಲ್ಲಿ ಬರುತ್ತೆ" ಅಂದಳು.

ಒಂದು ವಾರದಲ್ಲಿ ಬರಲಿಲ್ಲ. ಮೂರು ವಾರವಾದರೂ ಚೈನ್ ಕೂಡ, ಅಂದರೆ ಕುಣಿಕೆಯೊಳಗಿಂದ ಕುಣಿಕೆ ಎಳೆದು ಮಾಡುವ ಸರಪಳಿ ಕೂಡ, ಸಮನಾಗಿ ಬರಲಿಲ್ಲ. ರಾತ್ರಿ ಮಲಗಿದಾಗ ಆ 'ಸುಲಭ' ಅನ್ನುವ ಮಾತು ಕಿವಿಯಲ್ಲೇ ಇರುತ್ತಿತ್ತು. ಸುಲಭವಾದದ್ದೇ ನನಗೆ ಬರುತ್ತಿಲ್ಲವಲ್ಲ ಅನ್ನಿಸುತ್ತಿತ್ತು. ಇದೇ ಮಾತನ್ನು ಇಪ್ಪತ್ತಾರು ವರ್ಷ ನಾನು ಬೋರ್ಡಿನ ಮುಂದೆ ನಿಂತು ಹೇಳಿದ್ದೇನೆ. "ಇದು ತುಂಬಾ ಸುಲಭ ಮಕ್ಕಳೇ, ನೋಡಿ." ಧೈರ್ಯ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ.

ಮೊದಲ ತಪ್ಪು ಸಾಮಾನು ತರುವಾಗಲೇ ಆಗಿತ್ತು. ಅವಳ ಕೈಯಲ್ಲಿ ಸಣ್ಣ ಸ್ಟೀಲ್ ಕಡ್ಡಿ ನೋಡಿದ್ದೆನಲ್ಲ, ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋಗಿ ಅಂಥದ್ದೇ ತಂದೆ. ಜೊತೆಗೆ ಕಪ್ಪು ಬಣ್ಣದ ತೆಳು ದಾರ. ಕಪ್ಪಿನಲ್ಲಿ ಎಲ್ಲಿ ತೂರಿಸಬೇಕು ಅಂತಲೇ ಕಾಣುವುದಿಲ್ಲ. ರೇಷ್ಮೆ ದಾರದ ಕುಚ್ಚಿಗೆ 1 ಮಿ.ಮೀ. ಆಸುಪಾಸಿನ ಕಡ್ಡಿ ಬೇಕು, ನಿಜ. ಕಲಿಯುವವರಿಗೆ ಅದು ಬೇಡ. 4 ಅಥವಾ 5 ಮಿ.ಮೀ. ಕಡ್ಡಿ, ತಿಳಿ ಬಣ್ಣದ ದಪ್ಪ ಉಲ್ಲನ್ ಸಾಕು. ರೋಮ ಏಳುವ ಮೆತ್ತನೆಯ ಉಲ್ಲನ್ ಅಂಗಡಿಯಲ್ಲಿ ಆಸೆ ಹುಟ್ಟಿಸುತ್ತದೆ, ಆದರೆ ಅದರಲ್ಲಿ ಸ್ಟಿಚ್ ಮುಚ್ಚಿಹೋಗುತ್ತದೆ. ನಾನು ಕೆನೆ ಬಣ್ಣದ ಎರಡು ಉಂಡೆ ತಂದೆ. ಮುಂದಿನ ಎರಡು ತಿಂಗಳು ಅದನ್ನೇ ಹೆಣೆದೆ, ಅದನ್ನೇ ಬಿಚ್ಚಿದೆ.

ಇನ್ನು ಬಿಗಿತ. ಎಡಗೈಯ ಕಿರುಬೆರಳಿಗೆ ದಾರವನ್ನು ಒಂದು ಸುತ್ತು ಸುತ್ತಿ, ತೋರುಬೆರಳ ಮೇಲೆ ಹಾಯಿಸಿ ಹಿಡಿಯಬೇಕು. ನಾನು ದಾರವನ್ನು ಎಷ್ಟು ಬಿಗಿ ಹಿಡಿಯುತ್ತಿದ್ದೆ ಎಂದರೆ ಚೈನ್ ಒಳಗೆ ಕಡ್ಡಿಯೇ ಹೋಗುತ್ತಿರಲಿಲ್ಲ. ಭುಜ ಕಿವಿಯ ಹತ್ತಿರ ಬಂದಿರುತ್ತಿತ್ತು. ಹುಡುಗಿ ಒಂದು ದಾರಿ ತೋರಿಸಿದಳು. ಬುಡದ ಚೈನ್ ಅನ್ನು ಒಂದು ಅಳತೆ ದೊಡ್ಡ ಕಡ್ಡಿಯಲ್ಲಿ ಹಾಕಿ, ಆಮೇಲಿನ ಸಾಲುಗಳಿಗೆ ಮಾಮೂಲಿ ಕಡ್ಡಿ ತಗೊಳ್ಳುವುದು. ಅವತ್ತೇ ಅರ್ಧ ಕಷ್ಟ ಇಳಿಯಿತು.

ಒಂದು ವಿಷಯ ನಾನು ಎಂದಿಗೂ ಮರೆಯುವುದಿಲ್ಲ. ಅವಳು ನನ್ನ ಕೈಯಿಂದ ಕಡ್ಡಿಯನ್ನು ಒಂದು ಸಲವೂ ಕಿತ್ತುಕೊಳ್ಳಲಿಲ್ಲ. ನಾನು ತಡವರಿಸುವಾಗ ತನ್ನ ಸೀರೆ ಕೆಲಸ ಮಾಡುತ್ತ ಕೂತಿರುತ್ತಿದ್ದಳು. ಕೇಳಿದರೆ ತನ್ನ ಕಡ್ಡಿಯಲ್ಲೇ ನಿಧಾನವಾಗಿ ಮಾಡಿ ತೋರಿಸುತ್ತಿದ್ದಳು. ತಪ್ಪು ಕಂಡರೆ "ಬಿಚ್ಚಿ, ಮಿಸ್" ಅನ್ನುತ್ತಿದ್ದಳು, ಅಷ್ಟೇ. ಆ ಮಾತಿನಲ್ಲಿ ಬೇಜಾರು ಇರುತ್ತಿರಲಿಲ್ಲ.

ಶುರುವಿನಲ್ಲಿ ಬಿಚ್ಚುವುದು ನನಗೆ ಅಳು ಬರುವಷ್ಟು ಕಷ್ಟವಾಗಿತ್ತು. ಒಂದು ಗಂಟೆ ಹೆಣೆದದ್ದು ಹತ್ತು ಸೆಕೆಂಡಿನಲ್ಲಿ ಸರ್ರನೆ ಹೋಗುತ್ತೆ. ದೊಡ್ಡವರಾದ ಮೇಲೆ ಕಲಿಯುವವರ ಕಷ್ಟ ಇದೇ ಅಂತ ನನಗೆ ಅನ್ನಿಸುತ್ತದೆ. ಚೆನ್ನಾಗಿರುವುದು ಹೇಗಿರುತ್ತೆ ಅಂತ ಕಣ್ಣಿಗೆ ಗೊತ್ತು. ಎಷ್ಟೋ ಒಳ್ಳೆಯ ಕುಚ್ಚು ನೋಡಿರುತ್ತೇವೆ. ಕೈಗೆ ಮಾತ್ರ ಏನೂ ಗೊತ್ತಿಲ್ಲ. ಏಳು ವರ್ಷದ ಮಗು ತಾನು ಬರೆದ ಸೊಟ್ಟ ಮನೆಯ ಚಿತ್ರವನ್ನು ಓಡಿಬಂದು ತೋರಿಸುತ್ತದೆ. ನಾನು ನನ್ನ ಸೊಟ್ಟ ಪಟ್ಟಿಯನ್ನು ಯಜಮಾನರಿಗೂ ತೋರಿಸದೆ ದಿಂಬಿನ ಕೆಳಗೆ ಇಡುತ್ತಿದ್ದೆ.

ಆದರೆ ಬಿಚ್ಚಿದಾಗ ನಷ್ಟವಾಗುವುದು ಏನು? ಕ್ರೋಶದಲ್ಲಿ ಯಾವಾಗಲೂ ಒಂದೇ ಒಂದು ಕುಣಿಕೆ ತೆರೆದಿರುತ್ತದೆ. ಅದನ್ನು ಎಳೆದರೆ ಬೇಕಾದಷ್ಟು ಹಿಂದಕ್ಕೆ ಹೋಗಬಹುದು, ಬೇಕಾದಲ್ಲಿ ನಿಲ್ಲಿಸಬಹುದು. ಹೊಲಿಗೆಯಲ್ಲಿ ಬಟ್ಟೆ ಕತ್ತರಿಸಿದರೆ ಮುಗಿಯಿತು. ಇಲ್ಲಿ ದಾರ ಪೂರ್ತಿ ವಾಪಸ್ ಕೈಗೆ ಬರುತ್ತದೆ. ಸ್ವಲ್ಪ ಗುಂಗುರಾಗಿರುತ್ತೆ, ಬಿಸಿನೀರಿನ ಹಬೆ ಹಿಡಿದರೆ ನೆಟ್ಟಗಾಗುತ್ತೆ. ಇದು ತಲೆಗೆ ಇಳಿದ ಮೇಲೆ ನಾನೇ ಬಿಚ್ಚಲು ಶುರು ಮಾಡಿದೆ, ಅವಳು ಹೇಳುವ ಮುಂಚೆಯೇ.

ನನ್ನ ಚೌಕ ತ್ರಿಕೋನವಾದದ್ದನ್ನೂ ಹೇಳಬೇಕು. ಇಪ್ಪತ್ತು ಸ್ಟಿಚ್‌ನಿಂದ ಶುರುವಾದ ಪಟ್ಟಿ ಏಳನೇ ಸಾಲಿಗೆ ಹದಿನಾಲ್ಕಕ್ಕೆ ಬಂದಿತ್ತು. ಪ್ರತಿ ಸಾಲಿನ ಕೊನೆಯ ಸ್ಟಿಚ್ ಬಿಟ್ಟುಹೋಗುತ್ತಿತ್ತು. ಡಬಲ್ ಕ್ರೋಶದಲ್ಲಿ, ಅಂದರೆ ಸಿಂಗಲ್ ಅನ್ನುವ ಗಿಡ್ಡ ಸ್ಟಿಚ್‌ಗಿಂತ ಎತ್ತರದ ಸ್ಟಿಚ್‌ನಲ್ಲಿ, ಸಾಲು ತಿರುಗಿಸುವಾಗ ಮೂರು ಚೈನ್ ಹಾಕುತ್ತೇವೆ, ಅದೂ ಒಂದು ಸ್ಟಿಚ್ ಅಂತ ಲೆಕ್ಕ. ಮುಂದಿನ ಸಾಲಿನಲ್ಲಿ ಅದರ ತಲೆಗೂ ಒಂದು ಹಾಕಬೇಕು. ಅದು ಓರೆಯಾಗಿ ಬಾಗಿರುವುದರಿಂದ ಹೊಸಬರ ಕಣ್ಣಿಗೆ ಬೀಳುವುದಿಲ್ಲ. ಸಾಲಿನ ಮೊದಲ ಮತ್ತು ಕೊನೆಯ ಸ್ಟಿಚ್‌ಗೆ ಒಂದೊಂದು ಪಿನ್ನು ಚುಚ್ಚಿಡಿ. ಸಾಲು ಮುಗಿದಾಗಲೆಲ್ಲ ಎಣಿಸಿ. ಯೂಟ್ಯೂಬ್ ನೋಡಿ ಕಲಿಯುವವರು ಇನ್ನೊಂದನ್ನು ಗಮನಿಸಬೇಕು. ಅಮೆರಿಕದವರು ಸಿಂಗಲ್ ಕ್ರೋಶ ಅನ್ನುವುದನ್ನೇ ಬ್ರಿಟನ್‌ನವರು ಡಬಲ್ ಅನ್ನುತ್ತಾರೆ (ಇಲ್ಲಿ ನಾನು ಬರೆದಿರುವುದು ಅಮೆರಿಕದ ಹೆಸರು). ಇದು ಗೊತ್ತಿಲ್ಲದೆ ನಾನು ಒಂದು ಇಡೀ ಭಾನುವಾರ ಕಳೆದೆ.

ಆಮೇಲೆ ವೃತ್ತ ಬಂತು. ಆ ದಿನಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ.

ಲೋಟದ ಕೆಳಗೆ ಇಡಲು ಒಂದು ದುಂಡು ಚಕ್ರ ಹೆಣೆಯೋಣ ಅಂತ ಕೂತೆ. ಮೊದಲನೆಯದು ಬಟ್ಟಲಿನ ಹಾಗೆ ಮೇಲೆದ್ದಿತು. ಸ್ಟಿಚ್ ಸಾಲದು ಅಂತ ಮುಂದಿನದರಲ್ಲಿ ಪ್ರತಿ ಸ್ಟಿಚ್‌ಗೂ ಎರಡೆರಡು ಹಾಕಿದೆ. 12, 24, 48, 96. ಅದು ಕೋಳಿಜುಟ್ಟು ಹೂವಿನಂತೆ ಸುರುಳಿ ಸುರುಳಿಯಾಗಿ ಎದ್ದು ನಿಂತಿತು. ಹುಡುಗಿ ನೋಡಿದಳು. "ಡಬಲ್ ಕ್ರೋಶ ಆದ್ರೆ ಸುತ್ತಿಗೆ ಹನ್ನೆರಡು ಜಾಸ್ತಿ ಮಾಡ್ಬೇಕು ಮಿಸ್. 12, 24, 36, 48. ಸಿಂಗಲ್ ಆದ್ರೆ ಆರಾರು. ಯಾಕೆ ಅಂತ ಗೊತ್ತಿಲ್ಲ, ಹಾಗೆ ಮಾಡಿದ್ರೆ ಚಪ್ಪಟೆಯಾಗಿ ಕೂರುತ್ತೆ."

ಯಾಕೆ ಅಂತ ರಾತ್ರಿ ಕೂತು ಯೋಚಿಸಿದೆ. ಸಿಂಗಲ್ ಕ್ರೋಶದ ಸ್ಟಿಚ್ ಎಷ್ಟು ಅಗಲವೋ ಹೆಚ್ಚುಕಡಿಮೆ ಅಷ್ಟೇ ಎತ್ತರ. ಒಂದು ಸುತ್ತು ಹೆಣೆದರೆ ತ್ರಿಜ್ಯ ಒಂದು ಸ್ಟಿಚ್‌ನಷ್ಟು ಬೆಳೆಯುತ್ತದೆ. ಪರಿಧಿ ಎಂದರೆ ತ್ರಿಜ್ಯದ ಎರಡು ಪೈ ಪಟ್ಟು. ಹಾಗಾಗಿ ಪರಿಧಿ ಪ್ರತಿ ಸುತ್ತಿಗೂ ಎರಡು ಪೈ, ಅಂದರೆ ಸುಮಾರು 6.28 ಸ್ಟಿಚ್ ಬೆಳೆಯಬೇಕು. ಅದೇ ಅವಳ ಆರು! ಡಬಲ್ ಕ್ರೋಶ ಸುಮಾರು ಎರಡರಷ್ಟು ಎತ್ತರ, ಅದಕ್ಕೇ ಹನ್ನೆರಡು. ಕಡಿಮೆ ಹಾಕಿದರೆ ಅಂಚು ಸಾಲದೆ ಬಟ್ಟಲಾಗುತ್ತೆ. ಜಾಸ್ತಿ ಹಾಕಿದರೆ ಅಂಚು ಉಳಿದು ಅಲೆ ಏಳುತ್ತೆ.

ಮಾರನೇ ದಿನ ಅವಳಿಗೆ ಒಂದು ಚೀಟಿಯಲ್ಲಿ ಬರೆದು ತೋರಿಸಿದೆ. ತುಂಬ ಹೊತ್ತು ನೋಡಿದಳು. "ಪೈ ಇದರೊಳಗೆ ಇತ್ತಾ ಮಿಸ್?" ಅಂದಳು. ನನಗೆ ಗಂಟಲು ಕಟ್ಟಿತು. ಎಷ್ಟು ಸೀರೆಗೆ, ಎಷ್ಟು ವರ್ಷದಿಂದ ಅವಳು ಅದನ್ನು ತಪ್ಪಿಲ್ಲದೆ ಮಾಡುತ್ತಿದ್ದಳು. ನನ್ನ ಕ್ಲಾಸಿನಲ್ಲಿ ಅದು ಅವಳ ಕೈಗೆ ಸಿಕ್ಕಿರಲೇ ಇಲ್ಲ.

ಆ ಕೋಳಿಜುಟ್ಟಿನ ಚಕ್ರವನ್ನು ಮಾತ್ರ ನಾನು ಬಿಚ್ಚಲಿಲ್ಲ. ಲ್ಯಾಟ್ವಿಯಾ ದೇಶದಲ್ಲಿ ಹುಟ್ಟಿದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದಾಗ ಇಂಥ ಅಲೆಯಲೆ ಮೇಲ್ಮೈಯನ್ನೇ ಬೇಕೆಂದು ಕ್ರೋಶದಲ್ಲಿ ಹೆಣೆದರು. ಅದಕ್ಕೆ ಹೈಪರ್ಬಾಲಿಕ್ ಸಮತಲ ಅನ್ನುತ್ತಾರೆ. ಅದಕ್ಕೂ ಮುಂಚೆ ಕಾಗದದ ಪಟ್ಟಿ ಅಂಟಿಸಿ ಮಾಡುತ್ತಿದ್ದರು, ಬೇಗ ಹರಿದುಹೋಗುತ್ತಿತ್ತು. ಆ ಮೇಲ್ಮೈಯಲ್ಲಿ ತ್ರಿಭುಜ ಎಳೆದರೆ ಮೂರು ಕೋನಗಳ ಮೊತ್ತ 180 ಡಿಗ್ರಿಗಿಂತ ಕಡಿಮೆ. ಓದುವ ದಿನಗಳಲ್ಲಿ ನಾನು ಇದರ ಹೆಸರು ಮಾತ್ರ ಕೇಳಿದ್ದೆ. ಈಗ ಅದೇ ಜಾತಿಯದೊಂದು ನನ್ನ ಕೈಯಲ್ಲೇ ತಪ್ಪಿ ಹುಟ್ಟಿತ್ತು. ಒಂಬತ್ತನೇ ಕ್ಲಾಸಿಗೆ ತಗೊಂಡು ಹೋದೆ. ಮಕ್ಕಳು ಒಬ್ಬರಿಂದ ಒಬ್ಬರಿಗೆ ದಾಟಿಸಿ, ಮಡಚಿ ಮಡಚಿ ನೋಡಿದರು. ಗಂಟೆ ಹೊಡೆದರೂ ವಾಪಸ್ ಕೊಡಲಿಲ್ಲ.

ಕ್ಲಾಸಿನಲ್ಲಿ ನನ್ನ ಎರಡು ಅಭ್ಯಾಸ ಬದಲಾಗಿವೆ. 'ಸುಲಭ' ಅನ್ನುವ ಮಾತನ್ನು ಬಿಟ್ಟಿದ್ದೇನೆ. "ಇದು ಮೊದಲು ಕೈಗೆ ಹತ್ತುವುದಿಲ್ಲ, ನಾಲ್ಕು ಸಲ ಮಾಡೋಣ" ಅನ್ನುತ್ತೇನೆ. ಇನ್ನೊಂದು, ಮಕ್ಕಳ ಕೈಯಿಂದ ಪೆನ್ಸಿಲ್ ತಗೊಂಡು ನಾನೇ ಲೆಕ್ಕ ಮುಗಿಸುವುದನ್ನು ನಿಲ್ಲಿಸಿದ್ದೇನೆ. ಮೊದಲು ದಿನಕ್ಕೆ ಎಷ್ಟು ಸಲ ಹಾಗೆ ಮಾಡುತ್ತಿದ್ದೆನೋ. ಸುಮ್ನೆ ಪಕ್ಕದಲ್ಲಿ ನಿಲ್ಲುವುದು ನನಗೆ ಇನ್ನೂ ಕಷ್ಟ. ಪೋರ್ಷನ್ ಮುಗಿಸುವ ಆತುರ ಇದ್ದೇ ಇರುತ್ತದೆ.

ಈ ಧೈರ್ಯದಲ್ಲೇ ಸ್ಕೂಟರ್ ಕೂಡ ಮತ್ತೆ ಹಿಡಿದೆ. 41ನೇ ವಯಸ್ಸಿನಲ್ಲಿ ಒಮ್ಮೆ ಕಲಿಯಲು ಹೋಗಿ, ಎಲ್ಲರ ಮುಂದೆ ಬಿದ್ದು ಬಿಟ್ಟಿದ್ದೆ. ಈ ಸಲ ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ, ದಿನಕ್ಕೆ ಇಪ್ಪತ್ತೇ ನಿಮಿಷ. ಮುಂದಿನ ಚಕ್ರ ನೋಡುವುದನ್ನು ಬಿಟ್ಟು ದೂರ ನೋಡಲು ಕಲಿಯುವುದಕ್ಕೇ ಒಂಬತ್ತು ದಿನ ಹಿಡಿಯಿತು. ಈಗ ಶಾಲೆಗೆ ಅದರಲ್ಲೇ ಹೋಗುತ್ತೇನೆ.

ಕಳೆದ ತಿಂಗಳು ಹುಡುಗಿ ತನ್ನ ಡಬ್ಬಿಯಿಂದ ಒಂದು ಸಣ್ಣ ಕಡ್ಡಿ ತೆಗೆದುಕೊಟ್ಟಳು. ಅಮ್ಮನ ಹಳೆಯ ಹಸಿರು ಮೈಸೂರು ಸಿಲ್ಕ್ ಸೀರೆಗೆ ಕುಚ್ಚು ಹಾಕುತ್ತಿದ್ದೇನೆ. ಐದು ಚೈನ್‌ಗೆ ಒಂದು ಕಮಾನು, ಮೂರು ಕಮಾನಿಗೆ ಒಂದು ಮಣಿ. ಮೊನ್ನೆ ಸೆರಗಿನ ಅರ್ಧದವರೆಗೆ ಬಂದಿದ್ದೆ. ತಗೊಂಡು ಹೋಗಿ ತೋರಿಸಿದೆ. ಉಗುರಿನಿಂದ ಒಂದೊಂದೇ ಕಮಾನು ಎಣಿಸುತ್ತ ಹೋದಳು. ಹನ್ನೊಂದನೆಯದರಲ್ಲಿ ಬೆರಳು ನಿಂತಿತು. ನಾಲ್ಕೇ ಚೈನ್ ಇತ್ತು.

ಅವಳು ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ನಾನು ಕಡ್ಡಿ ಪಕ್ಕಕ್ಕಿಟ್ಟು ದಾರ ಎಳೆದೆ. ಅವಳು ಟೀ ಇಡಲು ಒಳಗೆ ಹೋದಳು.