ಹಸಿರು ಪೆನ್ಸಿಲ್, ಖಾಲಿ ಕುರ್ಚಿ: ಕಾದಂಬರಿಯನ್ನು ಚಿತ್ರಕಥೆ ಮಾಡಿದ ನನ್ನ ಅನುಭವ

"ಮೊದಲು ಓದುಗರನ್ನು ಕೇಳುತ್ತೇನೆ, ಆಮೇಲೆ ಸೀನ್ ಆರ್ಡರ್, ಅಂದರೆ ದೃಶ್ಯಗಳ ಸಾಲು" ಎಂದಾಗ ತಂಡದಲ್ಲಿ ಯಾರೂ ಒಪ್ಪಲಿಲ್ಲ. ಓದುಗರ ಮಾತು ಕೇಳಿ ಬರೆದ ಚಿತ್ರಕಥೆ ಹೊಲಿಗೆ ಬಿಟ್ಟ ಕೌದಿಯಾಗುತ್ತದೆ ಎಂಬುದೇ ಎಲ್ಲರ ವಾದ. ಚಿತ್ರ ಮುಗಿದ ಮೇಲೆ, ಆ ಕಾದಂಬರಿಯನ್ನು ಎರಡೆರಡು ಸಲ ಓದಿದ ಸುಮಾರು 40 ಜನರಿಗೆ ತೋರಿಸಿದೆವು. 30ಕ್ಕೂ ಹೆಚ್ಚು ಜನ "ಪುಸ್ತಕ ಹಾಗೇ ಬಂದಿದೆ" ಅಂದರು. ಪುಸ್ತಕದ ಘಟನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಚಿತ್ರದಲ್ಲಿಲ್ಲ. ಐದಾರು ಜನರಂತೂ ನಾನೇ ಸೇರಿಸಿದ ಒಂದು ದೃಶ್ಯವನ್ನು "ನೂರನೇ ಪುಟದ ಹತ್ತಿರ ಬರುತ್ತಲ್ಲ, ಅದೇ" ಎಂದು ಗುರುತು ಹೇಳಿದರು. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಅದಕ್ಕೇ ವಿಧಾನ ಬರೆದಿಡುತ್ತಿದ್ದೇನೆ. ಒನ್‌ಲೈನ್ (ದೃಶ್ಯಕ್ಕೊಂದು ಸಾಲಿನ ಪಟ್ಟಿ), ಬ್ರೇಕ್‌ಡೌನ್ (ಯಾವ ಸೀನ್‌ಗೆ ಏನು ಬೇಕು, ಎಷ್ಟು ದಿನ ಎಂಬ ಲೆಕ್ಕ) ಗೊತ್ತಿರುವವರಿಗಾಗಿ ಬರೆದದ್ದು, ಅವನ್ನು ಇದಕ್ಕಿಂತ ವಿವರಿಸುವುದಿಲ್ಲ.

ಮೊದಲು ಲೆಕ್ಕ. ಕಾದಂಬರಿ 320 ಪುಟ, ತಮ್ಮನ ಬಾಯಲ್ಲಿ ನಡೆಯುವ ಕಥೆ, ಅಣ್ಣ ಮನೆ ಬಿಟ್ಟು ಹೋದದ್ದರ ಸುತ್ತ. ಹತ್ತು ಪುಟ ಗಟ್ಟಿಯಾಗಿ ಓದಿ ಗಡಿಯಾರ ನೋಡಿದರೆ 22-23 ನಿಮಿಷ. ಇಡೀ ಪುಸ್ತಕಕ್ಕೆ 12 ಗಂಟೆ. ನಮಗಿರುವುದು 2 ಗಂಟೆ 10 ನಿಮಿಷ. ಐದೂವರೆ ಪುಟಕ್ಕೆ ಒಂದು ಪುಟ ಉಳಿಯುತ್ತದೆ. ಇದನ್ನು ನೋಡಿಯೇ ಎಲ್ಲರೂ "ಕತ್ತರಿಸಿದ್ದಕ್ಕೆ ಓದುಗರಿಗೆ ಸಿಟ್ಟು" ಅನ್ನುವುದು. ಕತ್ತರಿಸದಿದ್ದರೆ ಏನಾಗುತ್ತದೆ ಎಂಬುದಕ್ಕೂ ಚರಿತ್ರೆಯಲ್ಲಿ ಉತ್ತರವಿದೆ. ಹಾಲಿವುಡ್ ನಿರ್ದೇಶಕ ಎರಿಕ್ ಫಾನ್ ಸ್ಟ್ರೋಹೈಮ್ ಒಂದು ಕಾದಂಬರಿಯನ್ನು ಏನೂ ಬಿಡದ ಹಾಗೆ ತೆಗೆದ 'ಗ್ರೀಡ್' ಚಿತ್ರದ ಮೊದಲ ಕಟ್ ಎಂಟು ಗಂಟೆಗೂ ಮೀರಿತ್ತು. 1924ರಲ್ಲಿ ಬಿಡುಗಡೆಯಾದದ್ದು ಎರಡೂಕಾಲು ಗಂಟೆಯ ಆಸುಪಾಸು. ಕತ್ತರಿ ಬಂದೇ ಬರುತ್ತದೆ. ಅದು ಬರೆಯುವ ಮೇಜಿನಲ್ಲೇ ಬಂದರೆ ಖರ್ಚು ಕಡಿಮೆ.

ನನ್ನ ಮೊದಲ ಡ್ರಾಫ್ಟ್ ಘಟನೆಗೆ ಘಟನೆ ಜೋಡಿಸಿದ್ದು. 190 ಪುಟ, 140 ಚಿಲ್ಲರೆ ಸೀನ್. ತಂಡವನ್ನು ಕೂರಿಸಿ ಓದಿ ಹೇಳಿದಾಗ (ನರೇಷನ್) ಎಲ್ಲರೂ ತಲೆಯಾಡಿಸಿದರು, ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪ್ರಶ್ನೆ ಬಾರದ ನರೇಷನ್ ಬಿದ್ದಂತೆಯೇ ಲೆಕ್ಕ. ಕಾರಣ ಆಮೇಲೆ ಹೊಳೆಯಿತು: ಒಂದೊಂದು ಸೀನ್‌ಗೂ ಸರಾಸರಿ ಒಂದೂಕಾಲು ನಿಮಿಷ ಸಿಕ್ಕಿತ್ತು, ಪಾತ್ರ ಒಳಗೆ ಬಂದು ಸುದ್ದಿ ಹೇಳಿ ಹೊರಗೆ ಹೋಗುವಷ್ಟೇ ಹೊತ್ತು. ಕಥೆ ಪೂರ್ತಿ ಇತ್ತು, ಯಾವ ಸೀನ್‌ನಲ್ಲೂ ಯಾರೂ ಬದುಕುತ್ತಿರಲಿಲ್ಲ.

ಎರಡನೆಯದು ಹಿನ್ನೆಲೆ ದನಿಯ ಡ್ರಾಫ್ಟ್. ತಮ್ಮನ ಮಾತೇ ಪುಸ್ತಕದ ಜೀವ ಎಂದು ಗೊತ್ತಾಗಿತ್ತು, ಅದನ್ನು ನೇರವಾಗಿ ತಂದುಬಿಡೋಣ ಎಂದು 38 ತುಣುಕು ವಾಯ್ಸ್ ಓವರ್ ಹಾಕಿದೆ, ಒಟ್ಟು 17 ನಿಮಿಷ. ಎರಡು ಕಡೆ ಕೈಕೊಟ್ಟಿತು. "ಅಣ್ಣನಿಗೆ ಅವತ್ತು ಒಳಗೊಳಗೇ ಭಯವಿತ್ತು" ಎಂದು ದನಿ ಹೇಳಿಬಿಟ್ಟರೆ ನಟನಿಗೆ ಮಾಡಲು ಏನೂ ಉಳಿಯುವುದಿಲ್ಲ, ಮುಖ ಚಿತ್ರಪಟದ ಹಾಗೆ ನಿಲ್ಲುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಪುಸ್ತಕದಲ್ಲಿ ತಮ್ಮ ಒಂದು ಪತ್ರದ ವಿಷಯವನ್ನು 240 ಪುಟ ಮುಚ್ಚಿಡುತ್ತಾನೆ. ಅಕ್ಷರದಲ್ಲಿ ಮುಚ್ಚಿಡುವುದು ಸುಲಭ, ಓದುಗರಿಗೆ ಅವನ ಮುಖ ಕಾಣುವುದಿಲ್ಲ. ಕ್ಯಾಮೆರಾ ಮುಂದೆ ಅವನು ಪತ್ರದ ಮಾತು ಬಂದಾಗಲೆಲ್ಲ ಕಣ್ಣು ತಗ್ಗಿಸುತ್ತಾನೆ, ನೋಡುವವರು ಇಪ್ಪತ್ತನೇ ನಿಮಿಷಕ್ಕೇ ಹಿಡಿದುಬಿಡುತ್ತಾರೆ. ಕೊನೆಯ ಚಿತ್ರದಲ್ಲಿ ಉಳಿಸಿಕೊಂಡದ್ದು ನಾಲ್ಕೇ ತುಣುಕು, ಎರಡು ನಿಮಿಷದ ಒಳಗೆ. ನಾಲ್ಕೂ ಪರದೆಯ ಮೇಲೆ ಕಾಣುವುದಕ್ಕೆ ಎದುರು ಮಾತಾಡುತ್ತವೆ. ದನಿಯೂ ಚಿತ್ರವೂ ಒಂದನ್ನೇ ಹೇಳುತ್ತಿದ್ದರೆ ದನಿಯನ್ನು ತೆಗೆಯಬೇಕು.

ಮೂರನೆಯದಕ್ಕೆ ಪುಸ್ತಕ ಮುಚ್ಚಿಟ್ಟೆ. ಮೊದಲ ಸಲ ಓದುವ 14 ಜನರಿಗೆ ಪ್ರತಿ ಕೊಟ್ಟು, ಓದಿ ಮುಗಿಸಿದ ಮೂರು ವಾರಕ್ಕೆ ಒಬ್ಬೊಬ್ಬರನ್ನೇ ಕೂರಿಸಿ, ಪುಸ್ತಕ ಕೈಗೆ ಕೊಡದೆ, 20 ನಿಮಿಷ ಕಥೆ ಹೇಳಿಸಿ ರೆಕಾರ್ಡ್ ಮಾಡಿಕೊಂಡೆ. ಮೂರು ವಾರ ಬೇಕು. ಮರುದಿನವೇ ಕೇಳಿದರೆ ಘಟನೆಗಳನ್ನು ಸಾಲಾಗಿ ಒಪ್ಪಿಸುತ್ತಾರೆ. ಎರಡು ತಿಂಗಳು ಬಿಟ್ಟರೆ "ಚೆನ್ನಾಗಿತ್ತು" ಎಂಬುದಷ್ಟೇ ಉಳಿದಿರುತ್ತದೆ. ನಡುವೆ ಬಾಯಿ ಹಾಕಬಾರದು, ತಪ್ಪು ಹೇಳಿದರೆ ತಿದ್ದಲೂ ಬಾರದು. ತಪ್ಪುಗಳೇ ಚಿನ್ನ. ಕೊನೆಗೆ ಮೂರು ಪ್ರಶ್ನೆ ಕೇಳುತ್ತೇನೆ: ಮೊದಲು ನೆನಪಾಗುವ ವಸ್ತು ಯಾವುದು, ಯಾರ ಮೇಲೆ ಕೋಪ ಬಂತು. ಮೂರನೆಯದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೊಂದು ಕಾದಂಬರಿ ಕೈಯಲ್ಲಿದೆ. 14 ಜನರಿಂದ, ಒಂದೇ ಸಂಗತಿ ಎರಡು ಸಲ ಬಂದದ್ದನ್ನು ಒಂದೆಂದು ಹಿಡಿದರೆ, ಸುಮಾರು 60 ನೆನಪುಗಳು ಸಿಕ್ಕವು. ಒಂದೊಂದನ್ನೂ ಒಂದೊಂದು ಕಾರ್ಡಿಗೆ ಬರೆದೆ.

ಆಮೇಲೆ ಪೆನ್ಸಿಲ್ ಕೆಲಸ. ಒಂದು ಪ್ರತಿ ಬಿಚ್ಚಿ, ಪುಟಗಳನ್ನು ದೊಡ್ಡ ಹಾಳೆಗೆ ಅಂಟಿಸಿ ಅಂಚು ಬಿಡಬೇಕು. ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ 'ದ ಗಾಡ್‌ಫಾದರ್' (1972) ಮಾಡುವಾಗ ಕಾದಂಬರಿಯ ಹಾಳೆಗಳನ್ನು ಕತ್ತರಿಸಿ ದಪ್ಪ ಬೈಂಡರ್‌ಗೆ ಅಂಟಿಸಿಕೊಂಡಿದ್ದು ಈ ಕೆಲಸದವರಿಗೆಲ್ಲ ಗೊತ್ತು. ನಾನು ಅದರ ಮೇಲೆ ಬಣ್ಣ ಸೇರಿಸಿದೆ. ಕ್ಯಾಮೆರಾಕ್ಕೆ ಕಾಣುವ ಸಾಲಿಗೆ ನೀಲಿ. ಪಾತ್ರದ ಮನಸ್ಸಿನೊಳಗಿನದಕ್ಕೆ ಕೆಂಪು. ನಿರೂಪಕ ತಾನಾಗಿ ಆಡುವ ಮಾತಿಗೆ, ಅಂದರೆ ವರ್ಷಗಳನ್ನು ಒಂದು ಸಾಲಿನಲ್ಲಿ ದಾಟಿಸುವುದು, ಅಭಿಪ್ರಾಯ, ಮುಚ್ಚಿಡುವುದು, ಮುಂದಾಗುವುದರ ಸುಳಿವು, ಇವೆಲ್ಲಕ್ಕೆ ಹಸಿರು. ಸಂಭಾಷಣೆಗೆ ಗುರುತಿಲ್ಲ. ದಿನಕ್ಕೆ 25 ಪುಟಕ್ಕಿಂತ ಹೆಚ್ಚು ಮಾಡಿದರೆ ಕೆಂಪು-ಹಸಿರು ಕಲಸಿಹೋಗುತ್ತದೆ. ನನಗೆ ಎರಡು ವಾರ ಹಿಡಿಯಿತು. ಲೆಕ್ಕ ಹಾಕಿದರೆ ನೀಲಿ ನೂರಕ್ಕೆ 35ರಷ್ಟು, ಹಸಿರು 25, ಮಾತು ಮತ್ತು ಕೆಂಪು ತಲಾ 20.

ಆ 60 ಕಾರ್ಡುಗಳನ್ನು ಪುಟಗಳ ಮೇಲೆ ಇಟ್ಟು ನೋಡಿದಾಗ ಎದೆ ಜಗ್ಗೆಂದಿತು. 40ರಷ್ಟು ಕಾರ್ಡು ಹಸಿರಿನ ಮೇಲೆ ಬಿದ್ದವು. ನಾವು ಸೀನ್ ಆರ್ಡರ್ ಮಾಡುವುದು ನೀಲಿಯಿಂದ. ಓದುಗರು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಹಸಿರನ್ನು. ನೀಲಿಯನ್ನು ಎಷ್ಟೇ ನಿಷ್ಠೆಯಿಂದ ತಂದರೂ ಅವರು "ಏನೋ ಇಲ್ಲ" ಅನ್ನುತ್ತಾರೆ. ಏನು ಎಂದು ಕೇಳಿದರೆ ಯಾವುದೋ ಬಿಟ್ಟ ಘಟನೆಯ ಹೆಸರು ಹೇಳುತ್ತಾರೆ. ಆ ಘಟನೆ ಸೇರಿಸಿದರೂ ಕೊರತೆ ತುಂಬುವುದಿಲ್ಲ.

ಒಂದು ಸಾಲು ಹಿಡಿದು ತೋರಿಸುತ್ತೇನೆ. "ಅಣ್ಣ ಹೋದ ಮೇಲೆ ಹನ್ನೊಂದು ವರ್ಷ ಆ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ." 14ರಲ್ಲಿ 11 ಜನ ಕುರ್ಚಿ ನೆನಪಿಸಿಕೊಂಡರು, ಪುಸ್ತಕದಲ್ಲಿ ಅದು ಬರುವುದು ಇದೊಂದೇ ಕಡೆ. ತೊಡಕು "ಕೂರುತ್ತಿರಲಿಲ್ಲ" ಎಂಬ ಕ್ರಿಯಾಪದದಲ್ಲಿದೆ. "ಹೋದ" ಬೇರೆ, "ಹೋಗುತ್ತಿದ್ದ" ಬೇರೆ. ಭಾಷೆ ಒಂದೇ ಪ್ರತ್ಯಯದಲ್ಲಿ ವರ್ಷಗಟ್ಟಲೆಯ ರೂಢಿಯನ್ನು ಹೇಳುತ್ತದೆ. ಕ್ಯಾಮೆರಾಕ್ಕೆ ಗೊತ್ತಿರುವುದು ಈಗ, ಈ ಸಲ, ಇಷ್ಟೇ. ಮೊದಲ ಡ್ರಾಫ್ಟ್‌ನಲ್ಲಿ ಇದಕ್ಕೆ ಮಾಂಟಾಜ್ ಬರೆದಿದ್ದೆ: ಖಾಲಿ ಕುರ್ಚಿ, ಮಳೆ, ಬಿಸಿಲು, ಧೂಳು, 50 ಸೆಕೆಂಡು. ಬ್ರೇಕ್‌ಡೌನ್‌ನಲ್ಲಿ ಅದು ಎರಡು ದಿನದ ಶೂಟಿಂಗ್ ತಿಂದಿತು, ಓದಿದವರಿಗೆ ಕ್ಯಾಲೆಂಡರ್ ತಿರುಗಿಸಿದ ಹಾಗೆ ಅನ್ನಿಸಿತು. ಮೂರನೆಯದರಲ್ಲಿ ಹೇಗಿದ್ದರೂ ಇದ್ದ ಮೂರು ಸೀನ್‌ಗಳೊಳಗೆ ಕುರ್ಚಿಯನ್ನು ಸೇರಿಸಿದೆ. ಒಂದರಲ್ಲಿ ಕೋಣೆ ತುಂಬ ಜನ, ಕೂರಲು ಜಾಗವಿಲ್ಲ, ವಯಸ್ಸಾದವರೊಬ್ಬರು ಗೋಡೆಗೆ ಒರಗಿ ನಿಂತಿದ್ದಾರೆ, ಕುರ್ಚಿ ಖಾಲಿ. ಮಾತೆಲ್ಲ ಬೇರೆ ವಿಷಯದ್ದು. ಎರಡನೆಯದರಲ್ಲಿ ತಮ್ಮ ನೆಲದ ಮೇಲೆ ಕೂತು ಬರೆಯುತ್ತಾನೆ, ಹಾಳೆ ಇಟ್ಟಿರುವುದು ಮಾತ್ರ ಆ ಕುರ್ಚಿಯ ಮೇಲೆ. ಮೂರನೆಯದರಲ್ಲಿ ಮಗುವೊಂದು ಹತ್ತಿ ಕೂರುತ್ತದೆ, ತಾಯಿ ಮಾತು ನಿಲ್ಲಿಸದೆಯೇ ಎತ್ತಿ ಕೆಳಗಿಡುತ್ತಾಳೆ. ಪುಸ್ತಕದಲ್ಲಿದೆ ಎಂದು ಜನ ಹಟ ಹಿಡಿದದ್ದು ಇದೇ ದೃಶ್ಯಕ್ಕೆ. ಹೆಚ್ಚಿನ ಲೊಕೇಶನ್ ಇಲ್ಲ, ಹೆಚ್ಚಿನ ಕಾಲ್‌ಶೀಟ್ ಇಲ್ಲ.

ಮೂರೇ ಸಲ ಏಕೆಂದರೆ, ಎರಡು ಸಲ ಕಂಡರೆ ಆಕಸ್ಮಿಕ ಅನ್ನಿಸುತ್ತದೆ, ನಾಲ್ಕನೇ ಸಲಕ್ಕೆ ನಿರ್ದೇಶಕರು ಬೆರಳು ತೋರಿಸುತ್ತಿದ್ದಾರೆ ಅನ್ನಿಸುತ್ತದೆ. ಮೂರರಲ್ಲೂ ಒಂದೇ ಲೆನ್ಸ್, ಹೆಚ್ಚುಕಡಿಮೆ ಒಂದೇ ಎತ್ತರ, ಕುರ್ಚಿ ಎಂದೂ ಫ್ರೇಮಿನ ನಡುವೆ ಬರಬಾರದು. ಕ್ಲೋಸಪ್ ಹಾಕಿದರೆ ಕೆಟ್ಟಿತು. ಅಣ್ಣ ವಾಪಸು ಬಂದು ಅದರಲ್ಲಿ ಕೂರುವಾಗ ಮಾತ್ರ ಕ್ಯಾಮೆರಾ ಜಾಗ ಬದಲಿಸುತ್ತದೆ.

ಕೊಪ್ಪೊಲಾ ತಮ್ಮ ಬೈಂಡರ್‌ನಲ್ಲಿ ದೃಶ್ಯವೊಂದಕ್ಕೆ ಐದು ತಲೆಬರಹ ಇಟ್ಟುಕೊಂಡಿದ್ದರು: ಸಾರಾಂಶ, ಆ ಕಾಲ, ಬಿಂಬ ಮತ್ತು ಧಾಟಿ, ತಿರುಳು, ಎಡವುವ ಜಾಗಗಳು. ನಾನು ಆರನೆಯದನ್ನು ಸೇರಿಸಿದೆ: ಈ ಹೊತ್ತಿಗೆ ಯಾರಿಗೆ ಏನು ಗೊತ್ತು. ಮೂರು ಕಂಬಸಾಲು: ಪಾತ್ರಕ್ಕೆ, ನಿರೂಪಕನಿಗೆ, ನೋಡುವವರಿಗೆ. ಪತ್ರದ ಸಮಸ್ಯೆ ಬಿಡಿಸಿದ್ದು ಈ ಹಾಳೆ. ತಮ್ಮ ಮುಚ್ಚಿಡುವುದು ಮುಖದಲ್ಲಿ ಕಾಣುತ್ತದೆ ಎಂದಾದರೆ, ಪತ್ರದ ಮಾತು ಬರುವ ಸೀನ್‌ಗಳಲ್ಲಿ ಅವನು ಏನಾದರೂ ಕೈಕೆಲಸದಲ್ಲಿ ಬೆನ್ನು ತಿರುಗಿಸಿರಬೇಕು, ಅದೂ ಮೊದಲ ಸೀನ್‌ನಿಂದಲೇ, ಅವನ ಸ್ವಭಾವವೇ ಅದು ಅನ್ನುವ ಹಾಗೆ. ಹೊರಗೆಡಹುವ ಜಾಗವನ್ನು ಪುಸ್ತಕದ ಮುಕ್ಕಾಲು ಭಾಗದಿಂದ ಚಿತ್ರದ ಅರ್ಧಕ್ಕೆ ತಂದೆ. ಪರದೆಯ ಮೇಲೆ ಗುಟ್ಟು ಅಷ್ಟು ದೂರ ತಾಳುವುದಿಲ್ಲ. ಹೊರಗೆಡಹಿದ ಮೇಲೂ ಅಣ್ಣನಿಗೆ ಗೊತ್ತಿಲ್ಲ ಎಂಬ ಒತ್ತಡದಲ್ಲೇ ಉಳಿದ ಅರ್ಧ ನಡೆಯಿತು.

ಹಣದ ವಿಷಯ. ಕಾದಂಬರಿಯ ಹಕ್ಕಿನ (ರೈಟ್ಸ್) ಕರಾರು 18 ತಿಂಗಳಿಗೆ ಆಗಿತ್ತು. ಬಿದ್ದ ಎರಡು ಡ್ರಾಫ್ಟ್ 14 ತಿಂಗಳು ನುಂಗಿದವು. ಅವಧಿ ವಿಸ್ತರಿಸಲು ಮೊದಲು ಕೊಟ್ಟದ್ದರ ಅರ್ಧದಷ್ಟು ಮತ್ತೆ ಕೊಡಬೇಕಾಯಿತು. ವಿಸ್ತರಣೆಯ ಮೊತ್ತವನ್ನು ಮೊದಲ ಕರಾರಿನಲ್ಲೇ ಬರೆಸಿಕೊಳ್ಳಿ, ಆಮೇಲೆ ಕೇಳಿದರೆ ಏರುತ್ತದೆ. ಸರಣಿ, ಮುಂದಿನ ಭಾಗ, ಬೇರೆ ಭಾಷೆಯ ಹಕ್ಕುಗಳನ್ನೂ ಬಿಡಿಬಿಡಿಯಾಗಿ ಹೆಸರಿಸಿ ಬರೆಸಬೇಕು. 14 ಓದುಗರ ಕೆಲಸಕ್ಕೆ ಪುಸ್ತಕ, ಸಂಭಾವನೆ, ಬೆರಳಚ್ಚು ಎಲ್ಲ ಸೇರಿ ಒಂದು ಶೂಟಿಂಗ್ ದಿನದ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಮೊದಲ ಡ್ರಾಫ್ಟ್‌ನಲ್ಲಿ 41 ಲೊಕೇಶನ್, 52 ದಿನ. ಮೂರನೆಯದರಲ್ಲಿ 58 ಸೀನ್, 17 ಲೊಕೇಶನ್, 34 ದಿನ. ಲೊಕೇಶನ್ ಬದಲಿಸಿದಾಗಲೆಲ್ಲ ಅರ್ಧ ದಿನ ಹೋಗುತ್ತದೆ ಎಂದು ಹಿಡಿದರೆ ಉಳಿತಾಯದ ಹೆಚ್ಚಿನ ಪಾಲು ಎಲ್ಲಿಂದ ಬಂತು ಎಂದು ಗೊತ್ತಾಗುತ್ತದೆ. ಓದುಗರಿಗೆ ಜಾಗಗಳ ಪಟ್ಟಿ ನೆನಪಿರಲಿಲ್ಲ, ಮನೆ ನೆನಪಿತ್ತು. ನಿರ್ಮಾಪಕರು ಈ ವಿಧಾನಕ್ಕೆ ಒಲಿದದ್ದು ಈ ಒಂದು ಹಾಳೆ ನೋಡಿ.

ನಡುವೆ ಎರಡು ಪ್ರಯೋಗ ಮಾಡಿದೆ. ಅಣ್ಣನ ಮುಖ ಹೇಗಿದೆ ಎಂದು ಆ 14 ಜನರನ್ನೇ ಕೇಳಿದೆ. ಒಂಬತ್ತು ಜನರಿಗೆ ಮುಖವೇ ಇರಲಿಲ್ಲ. ಕೆಮ್ಮು, ಉದ್ದ ಬೆರಳು, ಬಾಗಿಲಲ್ಲಿ ನಿಂತು ಮಾತಾಡುವ ರೀತಿ ಹೇಳಿದರು, ಲೇಖಕರು ಕೊಟ್ಟದ್ದೂ ಅಷ್ಟನ್ನೇ. ಹಾಗಾಗಿ ನಟರ ಆಯ್ಕೆಯನ್ನು ಬೆನ್ನ ಕಡೆಯಿಂದ, ನಡಿಗೆ ಮತ್ತು ಕೈ ನೋಡಿ ಮಾಡಿದೆವು. ಮುಖ ಒಪ್ಪಲಿಲ್ಲ ಎಂಬ ದೂರು ಒಂದೂ ಬರಲಿಲ್ಲ. ಇನ್ನೊಂದು, 22 ಪುಟದ ಒಂದು ಸಣ್ಣಕತೆಯ ಮೇಲೆ ಇದೇ ವಿಧಾನ. ಒಂಬತ್ತು ದಿನಕ್ಕೆ ಸೀನ್ ಆರ್ಡರ್ ಮುಗಿಯಿತು. ಅಲ್ಲಿ ಕತ್ತರಿಯ ಕೆಲಸವಿಲ್ಲ, ಹಸಿರು ಸಾಲಿಗೆ ಹೊತ್ತು ಕೊಡುವ ಕೆಲಸ. ರವೀಂದ್ರರ ನೀಳ್ಗತೆಯಿಂದ ಸತ್ಯಜಿತ್ ರಾಯ್ ಮಾಡಿದ 'ಚಾರುಲತಾ' (1964) ಶುರುವಾಗುವುದು ಏಳು ನಿಮಿಷದ, ಹೆಚ್ಚುಕಡಿಮೆ ಮಾತಿಲ್ಲದ ಭಾಗದಿಂದ. ಚಾರು ಕಿಟಕಿಯಿಂದ ಕಿಟಕಿಗೆ ಹೋಗಿ ದುರ್ಬೀನಿನಲ್ಲಿ ಬೀದಿ ನೋಡುತ್ತಾಳೆ, ಆಮೇಲೆ ತನ್ನನ್ನು ಗಮನಿಸದೆ ಹಾದುಹೋದ ಗಂಡನನ್ನೂ ಅದೇ ದುರ್ಬೀನಿನಲ್ಲಿ ನೋಡುತ್ತಾಳೆ. ಒಂಟಿತನ ಎಂಬ ಪದವನ್ನು ಹೇಳದೆ ಇಷ್ಟು ಹೊತ್ತು ಖರ್ಚು ಮಾಡಲು ಮೂಲ ಚಿಕ್ಕದಿರಬೇಕು.

ಲೇಖಕರ ಒಪ್ಪಿಗೆ ಬೇರೆಯೇ ದಾರಿ. ತರಾಸು ಅವರ ಮೂರು ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ ಮಾಡಿದ 'ನಾಗರಹಾವು' (1972) ಜನರ ಎದೆಯಲ್ಲಿ ನಿಂತಿತು, ತರಾಸು ಅವರಿಗೆ ಮಾತ್ರ ಮೆಚ್ಚುಗೆಯಾಗಲಿಲ್ಲ. ಓದುಗರ ನೆನಪಿಗೆ ನಿಷ್ಠವಾಗಿದ್ದರೂ ಬರೆದವರ ಮನಸ್ಸಿಗೆ ಒಪ್ಪುತ್ತದೆ ಎಂಬ ಭರವಸೆಯಿಲ್ಲ. ನಾನು ಲೇಖಕರಿಗೆ ಹಸಿರು ಗುರುತಿನ ಪ್ರತಿಯನ್ನೇ ಮೊದಲು ತೋರಿಸಿದೆ, ಚಿತ್ರಕಥೆ ಆಮೇಲೆ. ಚರ್ಚೆ ಎರಡೇ ಸೀನ್‌ಗಳ ಮೇಲೆ ನಡೆಯಿತು.

ಕೊನೆಯ ಅಪಾಯ ಎಡಿಟ್ ಟೇಬಲ್ಲಿನದು. ರಫ್ ಕಟ್ (ಮೊದಲ ಒರಟು ಜೋಡಣೆ) 2 ಗಂಟೆ 40 ನಿಮಿಷ ಬಂದಾಗ ಮೊದಲು ಹೋಗುವುದು "ಏನೂ ನಡೆಯದ" ಶಾಟ್‌ಗಳು, ಅಂದರೆ ಹಸಿರೆಲ್ಲ. ಗೋಡೆಗೆ ಒರಗಿ ನಿಂತವರ ಶಾಟ್ ಮೊದಲ ವಾರವೇ ಹೋಗಿತ್ತು. ಕುರ್ಚಿ ಎರಡೇ ಸಲ ಉಳಿದು, ಅಣ್ಣ ಕೂರುವ ದೃಶ್ಯ ಸಪ್ಪೆಯಾಯಿತು. ಎಡಿಟರ್‌ಗೆ ಕೊಡುವ ಚಿತ್ರಕಥೆಯ ಪ್ರತಿಯಲ್ಲೂ ಅಂಚಿಗೆ ಹಸಿರು ಗೆರೆ ಎಳೆದು, ಯಾವುದರ ಜೊತೆ ಯಾವುದು ಸೇರಿದೆ ಎಂದು ಸೀನ್ ನಂಬರ್ ಬರೆದುಕೊಟ್ಟೆ. ಏಳು ಶಾಟ್ ವಾಪಸು ಬಂದವು, ಎಲ್ಲ ಸೇರಿ 26 ಸೆಕೆಂಡು. ಅದಕ್ಕೆ ಜಾಗ ಮಾಡಲು ನಾಲ್ಕು ನಿಮಿಷದ ಒಂದು ಜಗಳದ ಸೀನ್ ತೆಗೆದೆವು. ಆ ಸೀನ್ ಎಲ್ಲಿ ಎಂದು 40 ಜನರಲ್ಲಿ ಒಬ್ಬರೂ ಕೇಳಲಿಲ್ಲ.