ಗಾಡಿಗೆ ರಾತ್ರಿ ಹಿತ, ಡ್ರೈವರಿಗೆ ಹಗಲು

ಲಾರಿ ಹಿಡಿದ ಹೊಸದರಲ್ಲಿ ನನಗೆ ರಾತ್ರಿ ಓಡಾಟ ಅಂದರೆ ಬಹಳ ಇಷ್ಟ. ರಸ್ತೆ ಖಾಲಿ, ಬಿಸಿಲಿಲ್ಲ, ನಿಮಿಷಕ್ಕೊಮ್ಮೆ ಕ್ಲಚ್ ತುಳಿಯುವ ಕೆಲಸವಿಲ್ಲ. ಹಗಲು 12 ಗಂಟೆ ಹಿಡಿಯುವ ದಾರಿ ರಾತ್ರಿ 9 ಗಂಟೆಯಲ್ಲಿ ಮುಗಿಯುತ್ತಿತ್ತು. ಉಳಿದ 3 ಗಂಟೆ ಲಾಭ ಅಂತಲೇ ನನ್ನ ಲೆಕ್ಕ. ಆ ಲೆಕ್ಕ ತಪ್ಪು ಅಂತ ತಿಳಿಯಲು ಕೆಲವು ವರ್ಷ ಬೇಕಾಯಿತು.

ಗಾಡಿಯ ಕಡೆಯಿಂದ ನೋಡಿದರೆ ರಾತ್ರಿಯೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಉರುಳುವ ಟೈರ್ ಬಾಗಿ ಬಾಗಿ ತನ್ನಷ್ಟಕ್ಕೇ ಬಿಸಿಯಾಗುತ್ತದೆ. ಹಗಲು ಕೆಳಗಿನ ಡಾಂಬರೂ ಕಾದಿರುತ್ತದೆ. ಗಾಳಿ ಕಮ್ಮಿ, ಲೋಡ್ ಜಾಸ್ತಿ ಇದ್ದರೆ ಮಧ್ಯಾಹ್ನದ ಹೊತ್ತಿಗೆ ಟೈರ್ ಸಿಡಿಯುವುದು, ಸವೆದ ಟೈರಿಗೆ ಹೊಸದಾಗಿ ಅಂಟಿಸಿದ ರಿಟ್ರೆಡ್ ಪಟ್ಟಿ ಕಿತ್ತು ಬರುವುದು ಇದರಿಂದಲೇ. ನಾನೂ ಒಮ್ಮೆ ನಡುಮಧ್ಯಾಹ್ನ ಗೇಜ್ ಇಟ್ಟು ನೋಡಿ, ಪ್ರೆಶರ್ ಏರಿದೆ ಅಂತ ಹೆದರಿ ಬಿಸಿ ಟೈರಿನಿಂದ ಗಾಳಿ ಬಿಟ್ಟಿದ್ದೆ. ತಣ್ಣಗಾದ ಮೇಲೆ ನೋಡಿದರೆ ಇರಬೇಕಾದದ್ದಕ್ಕಿಂತ ಎಷ್ಟೋ ಕೆಳಗೆ! ಗಾಳಿ ನೋಡುವುದಿದ್ದರೆ ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗಲೇ ನೋಡಬೇಕು. ರಾತ್ರಿ ಈ ತಲೆನೋವು ಕಮ್ಮಿ. ಇಂಜಿನ್ ಬಿಸಿಯ ಮುಳ್ಳು ಕೂಡ ಏರಿನಲ್ಲಿ ಹಗಲಿನಷ್ಟು ಮೇಲೇಳುವುದಿಲ್ಲ.

ಆದರೆ ಗಾಡಿಗೆ ಹಿತವಾದ ಹೊತ್ತು ಮನುಷ್ಯನಿಗೆ ಹಿತವಲ್ಲ.

ಮೊದಲು ಕಣ್ಣಿನ ಮಾತು. ಡಿಪ್ ಲೈಟಿನಲ್ಲಿ, ಅಂದರೆ ಹೆಡ್‌ಲೈಟಿನ ಬೆಳಕು ಕೆಳಕ್ಕೆ ಇಳಿಸಿದಾಗ, ನನಗೆ ಸರಿಯಾಗಿ ಕಾಣುವುದು ಹೆಚ್ಚೆಂದರೆ 50-60 ಮೀಟರ್. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಏನೋ ಇದೆ ಅಂತ ತಲೆಗೆ ಹೊಳೆದು ಕಾಲು ಬ್ರೇಕ್ ಮೇಲೆ ಹೋಗಲು ಒಂದೂವರೆ ಸೆಕೆಂಡ್ ಬೇಕು. ಏರ್ ಬ್ರೇಕಿನಲ್ಲಿ ಗಾಳಿ ಹಿಂದಿನ ಚಕ್ರದವರೆಗೆ ತಲುಪಲು ಇನ್ನೊಂದಿಷ್ಟು ಹೊತ್ತು. ಅಲ್ಲಿಗೇ ಮೂವತ್ತು ಚಿಲ್ಲರೆ ಮೀಟರ್ ಹೋಯಿತು, ಗಾಡಿ ಇನ್ನೂ ನಿಧಾನವೇ ಆಗಿಲ್ಲ. ಲೋಡ್ ಗಾಡಿ ಪೂರ್ತಿ ನಿಲ್ಲಲು ಒಣ ರಸ್ತೆಯಲ್ಲೂ 90 ಮೀಟರ್ ದಾಟುತ್ತದೆ. ಅಂದರೆ ನನಗೆ ಕಂಡ ವಸ್ತುವಿಗೆ ನಾನು ಗುದ್ದಿಯೇ ಗುದ್ದುತ್ತೇನೆ. ಬ್ರೇಕ್ ಎಷ್ಟೇ ಚೆನ್ನಾಗಿರಲಿ.

ಇದು ಲೆಕ್ಕವಾಗಿ ಗೊತ್ತಿರುವುದು ಬೇರೆ, ಕಣ್ಣಾರೆ ನೋಡುವುದು ಬೇರೆ. ಒಂದು ರಾತ್ರಿ ಎದುರಿನಿಂದ ಸಾಲಾಗಿ ಗಾಡಿಗಳು ಬರುತ್ತಿದ್ದವು. ನಾನು ಡಿಪ್‌ನಲ್ಲಿದ್ದೆ, 70ರ ಆಸುಪಾಸು. ಮುಂದೆ ರಸ್ತೆ ಮಟ್ಟದಿಂದ ಸೊಂಟದೆತ್ತರದಲ್ಲಿ, ಬೆರಳುದ್ದದ ಒಂದು ಕೆಂಪು ಮಿಣುಕು. ದೂರದ ಬೈಕಿನ ಹಿಂದಿನ ಲೈಟ್ ಅಂದುಕೊಂಡೆ. ಅದು ದೂರದ್ದಲ್ಲ, ಹತ್ತಿರದ್ದು. ಕೆಟ್ಟು ನಿಂತ ಟ್ರೇಲರ್, ಒಂದೂ ಲೈಟಿಲ್ಲ, ಕೆಸರು ಮೆತ್ತಿದ ರಿಫ್ಲೆಕ್ಟರ್ ಟೇಪಿನಲ್ಲಿ ಒಂದು ತುಂಡು ಮಾತ್ರ ಹೊಳೆಯುತ್ತಿತ್ತು. ಪಕ್ಕದ ಮಣ್ಣಿಗೆ ಎರಡು ಚಕ್ರ ಇಳಿಸಿ ಹೇಗೋ ತಪ್ಪಿಸಿದೆ. ಕನ್ನಡಿಗೂ ಆ ಟ್ರೇಲರಿಗೂ ಒಂದು ಗೇಣು ಇತ್ತೋ ಇಲ್ಲವೋ. ಅವತ್ತಿನಿಂದ ಡಿಪ್‌ನಲ್ಲಿರುವಾಗ 60 ದಾಟುವುದಿಲ್ಲ. ಹಿಂದಿನವರು ಹಾರ್ನ್ ಹೊಡೆದುಕೊಳ್ಳಲಿ. ಹೊರಡುವ ಮುಂಚೆ ನನ್ನ ಗಾಡಿಯ ಟೇಪು, ಹಿಂದಿನ ಲೈಟು ಬಟ್ಟೆಯಲ್ಲಿ ಒರೆಸುವುದೂ ಅವತ್ತಿನಿಂದಲೇ ಶುರುವಾದದ್ದು.

ಎದುರಿನವನು ಹೈಬೀಮ್ ಇಳಿಸದೇ ಬಂದರೆ ಸಿಟ್ಟು ಬರುತ್ತದೆ, ನಾವೂ ಹೈಬೀಮ್ ಹಾಕಿ ಸೇಡು ತೀರಿಸಿಕೊಳ್ಳೋಣ ಅನ್ನಿಸುತ್ತದೆ. ಹಾಗೆ ಮಾಡಿದರೆ ಕಣ್ಣು ಕಾಣದ ಇಬ್ಬರು ಎದುರುಬದುರು ಬಂದಂತೆ, ಅಷ್ಟೇ. ನಾನು ವೇಗ ಇಳಿಸಿ, ಆ ಬೆಳಕನ್ನು ನೋಡದೆ ನನ್ನ ಕಡೆಯ ಅಂಚಿನ ಬಿಳಿ ಗೆರೆ ನೋಡುತ್ತೇನೆ. ಗಾಡಿ ದಾಟಿ ಹೋದ ಮೇಲೂ ಕೆಲವು ಸೆಕೆಂಡ್ ಕಣ್ಣು ಮಂಕಾಗಿಯೇ ಇರುತ್ತದೆ. ವಯಸ್ಸಾದಂತೆ ಈ ಸೆಕೆಂಡುಗಳು ಜಾಸ್ತಿಯಾಗುತ್ತವೆ, ನನಗೇ ಗೊತ್ತಾಗುತ್ತಿದೆ. ಇನ್ನೊಂದು ವಿಷಯ. ಭಾರವೆಲ್ಲ ಹಿಂದೆ ಬಿದ್ದರೆ ಮೂತಿ ಮೇಲೇಳುತ್ತದೆ, ಆಗ ನಮ್ಮ ಡಿಪ್ ಕೂಡ ಎದುರಿನವನ ಕಣ್ಣಿಗೇ ಹೊಡೆಯುತ್ತದೆ. ಅವನು ಬಯ್ಯುವುದು ಸುಮ್ನೆ ಅಲ್ಲ. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು ಅರ್ಧ ಗಂಟೆ ಹಿಡಿಯುತ್ತದೆ. ಅದಕ್ಕೇ ಕ್ಯಾಬಿನ್ ಲೈಟ್ ಆರಿಸಿರುತ್ತೇನೆ, ಮೀಟರ್ ಬೋರ್ಡಿನ ಬೆಳಕು ಇಳಿಸಿರುತ್ತೇನೆ, ಮೊಬೈಲ್ ಮುಖ ಕೆಳಗಾಗಿರುತ್ತದೆ. ಗಾಜಿನ ಒಳಗಡೆಯೂ ಒರೆಸಬೇಕು. ಹಗಲು ಕಾಣದ ಜಿಡ್ಡು ರಾತ್ರಿ ಬೆಳಕನ್ನೆಲ್ಲ ಹರಡಿಬಿಡುತ್ತದೆ.

ಮಂಜಿನಲ್ಲಿ ಹೈಬೀಮ್ ಹಾಕಿದರೆ ಬಿಳಿ ಗೋಡೆ ಎದ್ದಂತಾಗುತ್ತದೆ, ಡಿಪ್ ಸಾಕು. ಮಳೆ ರಾತ್ರಿಯ ಬಗ್ಗೆ ಬರೆಯುವಂಥದ್ದು ಜಾಸ್ತಿ ಇಲ್ಲ. ಗೆರೆ ಕಾಣದಿದ್ದರೆ ನಾನು ನಿಲ್ಲಿಸಿಬಿಡುತ್ತೇನೆ.

ಇಷ್ಟೆಲ್ಲ ಹೇಳಿದರೂ ನನಗೆ ಕತ್ತಲೆಯ ಭಯ ಎರಡನೆಯದು. ಮೊದಲನೆಯದು ನಿದ್ದೆ.

ಬೆಳಗಿನ ಜಾವ 2ರಿಂದ 5ರವರೆಗೆ ಮೈ ತಾನಾಗಿಯೇ ಮಲಗಲು ಕೇಳುತ್ತದೆ. ಆ ಹೊತ್ತಿಗೆ ಮೈ ಬಿಸಿಯೂ ಇಳಿದಿರುತ್ತದೆ. ಇದು ಅಭ್ಯಾಸದಿಂದ ಹೋಗುವಂಥದ್ದು ಅಂತ ನಾನು ನಂಬಿದ್ದೆ. ವರ್ಷಗಟ್ಟಲೆ ಓಡಿಸಿದರೂ ಹೋಗಲಿಲ್ಲ. ಒಂದು ಸಲ ನಾಲ್ಕು ಗಂಟೆಯ ಹೊತ್ತಿಗೆ ಪಕ್ಕದಲ್ಲಿದ್ದ ಕ್ಲೀನರ್ ಹುಡುಗ, “ಅಣ್ಣಾ, ಈಗ ದಾಟಿದ್ದು ಯಾವ ಊರಿನ ಬೋರ್ಡು?” ಅಂತ ಕೇಳಿದ. “ಯಾವ ಬೋರ್ಡೋ?” ಅಂದೆ. “ಅಷ್ಟು ದೊಡ್ಡದಿತ್ತಲ್ಲ ಅಣ್ಣಾ, ಅದರ ಕೆಳಗೇ ಬಂದ್ವಿ.” ನನಗೆ ಬೋರ್ಡ್ ನೆನಪಿಲ್ಲ. ಅದರ ಹಿಂದಿನ ತಿರುವೂ ನೆನಪಿಲ್ಲ. ಕಣ್ಣು ತೆರೆದೇ ಇತ್ತು, ಸ್ಟೇರಿಂಗ್ ಹಿಡಿದೇ ಇದ್ದೆ. 4 ಸೆಕೆಂಡ್ ಹೀಗೆ ಹೋದರೂ 80ರ ವೇಗದಲ್ಲಿ ಸುಮಾರು 90 ಮೀಟರ್ ಗಾಡಿಯನ್ನು ಯಾರೂ ಓಡಿಸಿರುವುದಿಲ್ಲ.

ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು, ಮುಖಕ್ಕೆ ನೀರು ಹಾಕಿಕೊಳ್ಳುವುದು, ಎಲ್ಲ ಮಾಡಿ ನೋಡಿದ್ದೇನೆ. ಐದು ಹತ್ತು ನಿಮಿಷದ ಮೇಲೆ ಯಾವುದೂ ನಿಲ್ಲುವುದಿಲ್ಲ. ನನಗೆ ಕೆಲಸಕ್ಕೆ ಬಂದದ್ದು ಒಂದೇ ಉಪಾಯ. ಒಂದು ಲೋಟ ಕಾಫಿ ಕುಡಿದು ಕೂಡಲೇ 20 ನಿಮಿಷ ಮಲಗುವುದು. ಕಾಫಿ ತಲೆಗೆ ಹತ್ತಲು ಅಷ್ಟು ಹೊತ್ತು ಬೇಕು, ಏಳುವಾಗ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಮುಕ್ಕಾಲು ಗಂಟೆ ಮಲಗಿದರೆ ಎದ್ದಾಗ ತಲೆ ಇನ್ನಷ್ಟು ಭಾರ. ಎದ್ದ ತಕ್ಷಣ ಗಾಡಿ ತೆಗೆಯುವುದಿಲ್ಲ. ಕಬ್ಬಿಣದ ರಾಡ್ ಹಿಡಿದು ಒಂದು ಸುತ್ತು ಹಾಕುತ್ತೇನೆ. ಟೈರ್‌ಗೆ ಬಡಿದರೆ ಗಾಳಿ ಸರಿ ಇದ್ದದ್ದು ಟಣ್ಣನೆ ರಾಡನ್ನು ಹಿಂದಕ್ಕೆ ಎಸೆಯುತ್ತದೆ, ಇಳಿದದ್ದು ಧಪ್ ಅನ್ನುತ್ತದೆ. ಜೋಡಿ ಟೈರಿನಲ್ಲಿ ಒಳಗಿನದು ಇಳಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೇ ಗೊತ್ತಾಗುವುದು. ಅಂಗೈ ಹಿಂಭಾಗವನ್ನು ಚಕ್ರದ ನಡುವಿನ ಹಬ್ ಹತ್ತಿರ ಹಿಡಿದು ಬಿಸಿ ನೋಡುತ್ತೇನೆ. ಇಷ್ಟು ಮಾಡುವಷ್ಟರಲ್ಲಿ ನಿದ್ದೆಯ ಮಬ್ಬು ಇಳಿದಿರುತ್ತದೆ.

ಹಗಲಿಗೆ ಅದರದೇ ಕಾಟಗಳಿವೆ, ಇಲ್ಲ ಅನ್ನುವುದಿಲ್ಲ. ಕ್ಯಾಬಿನ್ನಿನ ಮೂತಿಯ ಕೆಳಗೆ, ಪಕ್ಕದ ಬಾಗಿಲ ಬುಡದಲ್ಲಿ ಕನ್ನಡಿಗೂ ಸಿಗದ ಜಾಗವಿದೆ. ಬೈಕಿನವರು ಬಂದು ನಿಲ್ಲುವುದು ಸರಿಯಾಗಿ ಅಲ್ಲೇ. ಊಟ ಆದ ಮೇಲೆ 2ರಿಂದ 4ರವರೆಗೆ ಒಂದು ಸಣ್ಣ ತೂಕಡಿಕೆ. ಆದರೆ ಹಗಲು ತಪ್ಪು ಮಾಡುವವರು ಕಣ್ಣಿಗೆ ಕಾಣುತ್ತಾರೆ. ಅವನು ಅಡ್ಡ ಬರುತ್ತಾನೆ ಅಂತ ಅವನ ಭುಜ ತಿರುಗುವುದರಲ್ಲೇ ಗೊತ್ತಾಗುತ್ತದೆ. ರಾತ್ರಿ ಎರಡು ಬೆಳಕಿನ ಚುಕ್ಕೆ ನೋಡಿ ಏನು ಊಹಿಸುವುದು?

ಎಲ್ಲಕ್ಕಿಂತ ಕೆಟ್ಟ ಹೊತ್ತು ಯಾವುದು ಅಂತ ಕೇಳಿದರೆ, ರಾತ್ರಿಯೆಲ್ಲ ಓಡಿಸಿ ಪೂರ್ವಕ್ಕೆ ಮುಖ ಮಾಡಿ ಹೋಗುವಾಗಿನ ಸೂರ್ಯೋದಯ. ನಿದ್ದೆಗೆಟ್ಟ ಕಣ್ಣು, ನೇರ ಎದುರಿಗೆ ಬಿಸಿಲು, ಗಾಜಿಗೆ ರಾತ್ರಿ ಮೆತ್ತಿದ ಹುಳುಗಳು. ಬೆಳಗಾಯಿತಲ್ಲ ಅಂತ ಮನಸ್ಸು ಬೇರೆ ಸಡಿಲ ಬಿಟ್ಟಿರುತ್ತದೆ.

ಹಗಲು ಮಲಗಿ ಲೆಕ್ಕ ಸರಿ ಮಾಡಿಕೊಳ್ಳಬಹುದಲ್ವಾ ಅಂದರೆ, ಆಗುವುದಿಲ್ಲ. ಕ್ಯಾಬಿನ್ ಕಾದ ಡಬ್ಬಿಯಾಗುತ್ತದೆ. ಪರದೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು ಮಲಗಿದರೂ ನಾಲ್ಕೈದು ಗಂಟೆಗೇ ಎಚ್ಚರ. ಎರಡು ರಾತ್ರಿ ಸತತ ಓಡಿಸಿದರೆ ಮೂರನೆಯ ರಾತ್ರಿ ನಾನು ಯಾವ ಲೋಡೂ ಒಪ್ಪುವುದಿಲ್ಲ. ಹಳೆಯ ಮಾಲೀಕರೊಬ್ಬರು ಇದಕ್ಕೇ ನನ್ನನ್ನು ಬಿಡಿಸಿದರು.

ಈಗ ಸಂಜೆ ಹೊರಟರೆ ರಾತ್ರಿ 1 ಗಂಟೆಗೆಲ್ಲ ಲೈಟಿರುವ ಜಾಗ ನೋಡಿ ನಿಲ್ಲಿಸುತ್ತೇನೆ. ಬೆಳಕು ಹರಿದು ಸೂರ್ಯ ಸ್ವಲ್ಪ ಮೇಲೆ ಬಂದ ಮೇಲೆ ಮತ್ತೆ ಹೊರಡುವುದು. ನಿಲ್ಲಿಸಲು ಜಾಗ ಸಿಗದೆ ಮುಂದುವರಿಯಬೇಕಾದ ದಿನ ಕ್ಲೀನರ್‌ಗೆ ಒಂದು ಕೆಲಸ ಕೊಟ್ಟಿರುತ್ತೇನೆ. ಆಗಾಗ “ಅಣ್ಣಾ, ಈಗ ಹೋದ ಬೋರ್ಡ್ ಯಾವುದು?” ಅಂತ ಕೇಳುವುದು. ನಾನು ತಡವರಿಸಿದರೆ ಇಂಡಿಕೇಟರ್ ಹಾಕಿಸಿ ಗಾಡಿ ಬದಿಗೆ ತೆಗೆಸುವುದು ಅವನ ಜವಾಬ್ದಾರಿ. ಹೋದ ವಾರ ಎರಡು ಸಲ ಹಾಕಿಸಿದ.